ಬಿಟ್ಟಿ ಊಟದ ದ್ವೀಪ

ನಾನು ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಹೋಗಿ ಬಂದವಳು ಎಂದರೆ ಜನ ಈಗಲೂ ಹತ್ತಿರ ಬಂದು ಕೂರುತ್ತಾರೆ, ಹೇಗಿತ್ತು ಹೇಳಿ ಎನ್ನುತ್ತಾರೆ. ಹೇಗಿರುತ್ತದೆ? ಸುತ್ತ ಉಪ್ಪುನೀರು, ನಡುವೆ ಒಂದಿಷ್ಟು ಮರಳು, ಮರಳಿನ ಮೇಲೆ ಕೆಲಸವಿಲ್ಲದ ಜನ. ಅಷ್ಟು ನೀರಿದ್ದೂ ಒಂದು ಮಡಿ ಕೊತ್ತಂಬರಿಗೆ ಹಾಯಿಸಲು ಬಾರದು. ಅದನ್ನು ನೋಡಲು ವಿಮಾನ ಹತ್ತಬೇಕು, ಇಳಿದು ದೋಣಿ ಹತ್ತಬೇಕು, ದೋಣಿಯಲ್ಲಿ ವಾಂತಿ ಮಾಡಬೇಕು.

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ಆದರೆ ಇದನ್ನು ಬೇರೆಯವರ ಕೈಗೆ ಕೊಟ್ಟರೆ ತೆಂಗಿನಮರ, ಬೆಳದಿಂಗಳು ಎಂದು ಬರೆದುಬಿಡುತ್ತಾರೆ. ಅದಕ್ಕೆ ನಾನೇ ಕುಳಿತೆ.

ತೊಂಬತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದಲ್ಲಿ ನನ್ನ ಗಂಡನದು ಗೊಬ್ಬರ, ಔಷಧಿ ಅಂಗಡಿ. ಆ ವರ್ಷ ಟೊಮೆಟೊಗೆ ಹುಳ ಬಿದ್ದು ಔಷಧಿ ಚೆನ್ನಾಗಿ ಓಡಿತು. ಹುಳ ತಿಂದದ್ದು ರೈತರ ತೋಟ, ಬಹುಮಾನ ಬಂದದ್ದು ನಮಗೆ. ಔಷಧಿ ಕಂಪನಿಯವರು ಗಂಡ ಹೆಂಡತಿ ಇಬ್ಬರಿಗೂ ದ್ವೀಪದ ಟಿಕೆಟ್ಟು ಕೊಟ್ಟರು. ನಾನು ಬರುವುದಿಲ್ಲ ಎಂದೆ. ಆಗ ಗಂಡ ಒಳಗಿನ ವಿಷಯ ಬಿಚ್ಚಿದರು. ಚಿಂತಾಮಣಿಯ ಅಂಗಡಿಯವರೂ ಬರುತ್ತಿದ್ದರು. ಅವರು ತಮ್ಮ ಎರಡನೇ ಮಗನಿಗೆ ನಮ್ಮ ಮಗಳನ್ನು ಕೇಳಿದ್ದರು. ಚಿಂತಾಮಣಿಯಲ್ಲಿ ಒಂದು, ಗೌರಿಬಿದನೂರಿನಲ್ಲಿ ಒಂದು ಅಂಗಡಿ ಇದ್ದವರು. ಅದಕ್ಕೆ ಅವರ ಮನೆಗೆ ಎರಡು ಬಹುಮಾನ. ಅಪ್ಪ ಅಮ್ಮ ಒಂದು ಜೋಡಿ, ದೊಡ್ಡ ಮಗ ಸೊಸೆ ಇನ್ನೊಂದು ಜೋಡಿ. ಮದುವೆ ಹುಡುಗ ಊರಿನಲ್ಲೇ ಉಳಿದು ಅಂಗಡಿ ನೋಡಿಕೊಳ್ಳುವವನು.

"ಹುಡುಗನ್ನ ನೋಡಿದ್ದಾಯ್ತು. ಅಲ್ಲಿ ಜೊತೇಲಿದ್ದು ಮಾತು ಖಾಯಂ ಮಾಡ್ಕೊಂಡು ಬರಣ, ಬಾರೇ" ಅಂದರು ಗಂಡ.

ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿ ಬರುವುದು ನಮ್ಮಲ್ಲಿ ರೂಢಿ. ನೋಡಿದರೆ ಏನು ಕಾಣುತ್ತದೆ? ಅವತ್ತು ಗುಡಿಸಿ ಸಾರಿಸಿರುತ್ತಾರೆ, ಪಕ್ಕದ ಮನೆಯಿಂದ ಲೋಟ ತಂದಿರುತ್ತಾರೆ, ಎಲ್ಲರೂ ನಗುನಗುತ್ತಾ ಓಡಾಡುತ್ತಾರೆ. ಚಿಂತಾಮಣಿಯ ಆ ಮನೆಯನ್ನೂ ನೋಡಿ ಬಂದಿದ್ದೆ. ತಾರಸಿ ಮನೆ, ಫ್ರಿಜ್ಜು, ಹಿತ್ತಲಲ್ಲಿ ಎರಡು ಸೀಮೆಹಸು. ತಪ್ಪು ಹುಡುಕಲು ಏನೂ ಸಿಕ್ಕಿರಲಿಲ್ಲ. ಸರಿ ಎಂದು ಹೊರಟೆ.

ಇಳಿದ ಕೂಡಲೇ ಕೈಗೆ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದರು, ಸಂತೆಯಲ್ಲಿ ಕುರಿಗೆ ಬಣ್ಣ ಹಚ್ಚಿದ ಹಾಗೆ. ಅದು ಕೈಯಲ್ಲಿದ್ದರೆ ಊಟ, ತಿಂಡಿ, ಕುಡಿತ ಎಲ್ಲ ಬಿಟ್ಟಿ, ಎಷ್ಟು ಬೇಕಾದರೂ. ರೂಮಿನಲ್ಲಿ ಟವೆಲ್ಲನ್ನು ಸುತ್ತಿ ಬಾತುಕೋಳಿ ಮಾಡಿ ಹಾಸಿಗೆಯ ಮೇಲೆ ಕೂರಿಸಿದ್ದರು. ಅದರ ಕತ್ತು ಬಿಚ್ಚಿ ಮುಖ ಒರೆಸಿಕೊಂಡೆ. ಹೊರಗೆ ಬಿಳಿಯರು ಮೈಗೆಲ್ಲ ಎಣ್ಣೆ ಸವರಿಕೊಂಡು ಬಿಸಿಲಿಗೆ ಬಿದ್ದಿದ್ದರು. ನಮ್ಮಲ್ಲಿ ಹಾಗೆ ಮಲಗಿಸುವುದು ಹಸುಗೂಸುಗಳನ್ನು. ಅವೂ ಸ್ವಲ್ಪ ಹೊತ್ತಿಗೆ ಸಾಕು ಎಂದು ಅಳುತ್ತವೆ. ನಮ್ಮ ಕಡೆಯ ಅಂಗಡಿಯವರು ಬೆಳಗಿನ ತಿಂಡಿಗೇ ಬೀರು ಹಿಡಿದರು. ಊರಿನಲ್ಲಿ ಹೆಂಡತಿಗೆ ಹೆದರಿ ಏಲಕ್ಕಿ ಅಗಿಯುತ್ತಿದ್ದವರು ಇಲ್ಲಿ ಹೆಂಡತಿಯ ಮುಂದೆಯೇ ಲೋಟ ಎತ್ತಿದರು. ಯಾಕೆ ಎಂದರೆ, "ಕೊಟ್ಟಿದ್ದಾರಲ್ಲ, ಬಿಟ್ರೆ ಲಾಸು!" ನನ್ನ ಗಂಡ ಚಡ್ಡಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆದರು. ಆ ಕಾಲುಗಳನ್ನು ಅಷ್ಟು ಬೆಳಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ನೋಡದಿದ್ದರೂ ನಡೆಯುತ್ತಿತ್ತು.

ಊಟಕ್ಕೆ ಕಲ್ಯಾಣಮಂಟಪದಷ್ಟು ದೊಡ್ಡ ಹಾಲು. ಗೋಡೆಯುದ್ದಕ್ಕೂ ಪಾತ್ರೆಗಳು: ಅನ್ನವೇ ಐದಾರು ಥರ, ಮೀನು, ಕೋಳಿ, ಹೆಸರು ಗೊತ್ತಿಲ್ಲದ ಹಣ್ಣು. ಮುದ್ದೆ ಮಾತ್ರ ಇಲ್ಲ. ಬಡಿಸುವವರು ಯಾರೂ ಇಲ್ಲ, ತಟ್ಟೆ ಹಿಡಿದು ನಾವೇ ಹಾಕಿಕೊಳ್ಳಬೇಕು. ಒಂದು ಪಾತ್ರೆ ಖಾಲಿಯಾಗುವ ಮುಂಚೆ ಇನ್ನೊಂದು ತಂದಿಡುತ್ತಿದ್ದರು.

ಮೊದಲ ದಿನ ನಾವು ಆರು ಜನ ಒಂದೇ ಮೇಜಿಗೆ ಹೋದೆವು. ಐವರು ಕುಳಿತೆವು. ಚಿಂತಾಮಣಿಯವರ ಸೊಸೆ ಕೂರಲಿಲ್ಲ. ನಗರಗೆರೆ ಕಡೆಯ ಹುಡುಗಿ, ಸಣಕಲು, ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳು. ಅತ್ತೆಯ ಕುರ್ಚಿಯ ಹಿಂದೆ ನಿಂತಳು.

"ಅಮ್ಮಾಯಿ, ನಿಮ್ಮ ಮಾವನಿಗೆ ಮೀನು ತಗಂಬಾ" ಅಂದಳು ಅತ್ತೆ.

ತಂದಳು.

"ಮುಳ್ಳು ಜಾಸ್ತಿ ಇದೆ ನೋಡು, ಬೇರೆ ತಗಂಬಾ."

ಬೇರೆ ತಂದಳು. ಗಂಡನಿಗೆ ಕೋಳಿ, ಅತ್ತೆಗೆ ಮೊಸರು, ಮಾವನಿಗೆ ಮತ್ತೆ ಕೋಳಿ. ಮೇಜು ನೋಡಿಕೊಳ್ಳುವ ಕಪ್ಪು ಕೋಟಿನವನೊಬ್ಬ ಬಂದು ಅವಳಿಗೆ ಕುರ್ಚಿ ಎಳೆದುಕೊಟ್ಟ. ಅತ್ತೆ ಅವನ ಕಡೆ ಕೈ ಬೀಸಿ, "ಅವಳು ಆಮೇಲೆ ಉಣ್ತಾಳೆ, ಹೋಗಪ್ಪ" ಅಂದಳು. ಅವನಿಗೆ ಕನ್ನಡ ಬಾರದು. ಕುರ್ಚಿಯನ್ನು ಒಳಗೆ ತಳ್ಳಿ ಹೋದ.

ಇವರು ಮೂವರೂ ಕುಡಿದು, ಹರಟಿ, ಎದ್ದು ಕೈ ತೊಳೆಯುವಷ್ಟರಲ್ಲಿ ಗೋಡೆಯ ಕಡೆ ಪಾತ್ರೆಗಳನ್ನು ಎತ್ತಿ ಒಳಗೆ ಒಯ್ಯುತ್ತಿದ್ದರು. ಆಗ ಅವಳು ಕುಳಿತಳು. ಅತ್ತೆ ಬಿಟ್ಟ ಅನ್ನ, ಗಂಡ ಅರ್ಧ ಕಚ್ಚಿಟ್ಟ ಕೋಳಿ ತುಂಡು, ಒಂದು ಚೂರು ಬ್ರೆಡ್ಡು. ಹೊಸ ಜಾಗ, ಗೊತ್ತಾಗಿಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ. ರಾತ್ರಿಯೂ ಹಾಗೇ ಆಯಿತು. ಮಾರನೆಯ ದಿನವೂ ಹಾಗೇ.

ಸಂಜೆ ಅವಳು ಮರಳಿನ ಮೇಲೆ ಅತ್ತೆಯ ಚಪ್ಪಲಿ ಹಿಡಿದು ಒಬ್ಬಳೇ ನಿಂತಿದ್ದಳು. ಅತ್ತೆ ನೀರಿನಲ್ಲಿ ಸೀರೆ ಎತ್ತಿಕೊಂಡು ಕುಣಿಯುತ್ತಿದ್ದಳು. ನಾನು ಹತ್ತಿರ ಹೋದೆ.

"ಉಂಡ್ಯೇನಮ್ಮ?"

"ಆಯ್ತಮ್ಮ."

"ಏನು ಉಂಡೆ?"

ಅವಳು ನೀರಿನಲ್ಲಿದ್ದ ಅತ್ತೆಯ ಕಡೆ ನೋಡಿದಳು.

"ಅಲ್ಲ ಕಣೇ, ಅಲ್ಲಿ ಊರಿಗೆ ಊರೇ ಉಂಡ್ರೂ ಮಿಗೋ ಅಷ್ಟು ಇಟ್ಟಿದ್ದಾರೆ. ನೀನು ಯಾರಿಗೆ ಕಾಯ್ತೀಯ?"

"ನಮ್ಮನೇಲಿ ಹಂಗೇ ಅಮ್ಮ. ಅವರೆಲ್ಲ ಎದ್ದ ಮೇಲೇನೇ ನಾನು ಕೂತ್ಕೋಬೇಕು" ಅಂದಳು. ಅಂದು ಚಪ್ಪಲಿಯ ಮರಳು ಕೊಡವಿದಳು.

ನಾನೂ ಕೊನೆಗೆ ಉಂಡವಳೇ. ಜಂಗಮಕೋಟೆಯಲ್ಲಿ ಸೊಸೆಯಾಗಿದ್ದಾಗ ಮನೆ ತುಂಬ ಜನ, ಹಿಪ್ಪುನೇರಳೆ ತೋಟದಿಂದ ಬಂದವರಿಗೆ ಬಿಸಿ ಮುದ್ದೆ ಹಾಕಬೇಕು, ಹಾಕುವವಳು ಒಬ್ಬಳು ನಿಲ್ಲಲೇಬೇಕು. ಕೊನೆಗೆ ಸಾರು ಇದ್ದರೆ ಇತ್ತು, ಇಲ್ಲದಿದ್ದರೆ ಉಪ್ಪು ಮೆಣಸಿನಕಾಯಿ. ಅದರಲ್ಲಿ ದೊಡ್ಡತನವೇನೂ ಇಲ್ಲ, ಅಲ್ಲಿ ಪಾತ್ರೆಗೆ ತಳ ಇತ್ತು. ಇಲ್ಲಿ ತಳವೇ ಇಲ್ಲದ ಪಾತ್ರೆ, ಬಡಿಸುವ ಕೆಲಸವೂ ಇಲ್ಲ. ಇಲ್ಲಿಯೂ ಒಬ್ಬಳನ್ನು ನಿಲ್ಲಿಸುತ್ತಾರೆ ಎಂದರೆ, ನಿಲ್ಲಿಸುವುದರಲ್ಲೇ ಅವರಿಗೆ ರುಚಿ. ಅವಳ ಜಾಗದಲ್ಲಿ ನನ್ನ ಮಗಳನ್ನು ಮನಸ್ಸಿನಲ್ಲೇ ನಿಲ್ಲಿಸಿ ನೋಡಿದೆ.

ರೂಮಿಗೆ ಬಂದು ಗಂಡನಿಗೆ ಹೇಳಿದೆ. "ಅಯ್ಯೋ, ಅದೊಂದು ವಿಷಯಾನಾ? ಮಲಕ್ಕೊಳ್ಳೇ" ಎಂದು ಗೋಡೆಗೆ ತಿರುಗಿದರು.

ಕೊನೆಯ ಸಂಜೆ ಕಂಪನಿಯವರು ಮರಳಿನ ಮೇಲೆ ದೀಪ ಹಾಕಿ ಊಟವಿಟ್ಟಿದ್ದರು. ಹುಡುಗನ ಅಪ್ಪ ಒದ್ದೆ ಬಟ್ಟೆಯಲ್ಲಿ ಸುತ್ತಿ ಊರಿನಿಂದಲೇ ವೀಳ್ಯದೆಲೆ ತಂದಿದ್ದ. ಎಲ್ಲರ ಎದುರಿಗೆ ವೀಳ್ಯ ಬದಲಾಯಿಸಿಕೊಂಡು ಮದುವೆ ಮಾತು ಖಾಯಂ ಮಾಡುವ ಆಟ. ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಎಲೆ. "ಬನ್ನಿ ಬೀಗರೇ, ಸಮುದ್ರರಾಜನೇ ಸಾಕ್ಷಿ!" ಎಂದು ಕೂಗಿದ. ನನ್ನ ಗಂಡ ಎರಡೂ ಕೈ ಚಾಚಿದರು.

"ಎಲೆ ಒಳಗಿಡಿ. ನಮಗೆ ಈ ಸಂಬಂಧ ಬೇಡ" ಅಂದೆ.

"ಲೇ, ಸುಮ್ನಿರೇ!" ಅಂದರು ಗಂಡ.

ಹುಡುಗನ ತಾಯಿ ಎದ್ದಳು. "ಯಾಕಮ್ಮ, ನಮ್ಮನೇಲಿ ಏನು ಕಮ್ಮಿಯಾಯ್ತು ನಿಮಗೆ?"

"ಕಮ್ಮಿ ಏನಿಲ್ಲ. ಇಷ್ಟೊಂದು ಇರೋ ಕಡೇನೂ ನಿಮ್ಮ ಸೊಸೆಗೆ ಒಂದು ತಟ್ಟೆ ಇಲ್ವಲ್ಲ, ಇನ್ನು ನನ್ನ ಮಗಳಿಗೆಲ್ಲಿ ಇಕ್ತೀರಿ?"

"ಸೊಸೆ ಅಂದ್ಮೇಲೆ ಹಿಂದೆ ಉಣ್ಣಲ್ವಾ? ನೀವು ಉಣ್ಣಲಿಲ್ವಾ?"

"ಉಂಡೆ. ನನ್ನ ಜೊತೇಗೇ ಅದು ಸಾಯ್ಲಿ."

ಹುಡುಗನ ಅಪ್ಪ ನಗಾಡಿಬಿಟ್ಟ. "ಉಂಡಿಲ್ಲ ಅಂತ ಯಾರು ಹೇಳಿದ್ದು? ಏನಮ್ಮ, ಉಂಡ್ಯೇನು?"

"ಉಂಡೆ ಮಾವ" ಅಂದಳು ಆ ಹುಡುಗಿ. ಅವಳ ಕೈಯಲ್ಲಿ ಗಂಡನ ತಟ್ಟೆ ಇತ್ತು. ಇನ್ನೂ ಯಾರೂ ಉಣ್ಣಲು ಕುಳಿತೇ ಇರಲಿಲ್ಲ.

ಬೆಳಿಗ್ಗೆ ದೋಣಿ ಹತ್ತುವ ಕಡೆ ಅವಳು ನನ್ನ ಪಕ್ಕ ಬಂದು, ಮುಖ ನೋಡದೆ ಹೇಳಿದಳು: "ನನ್ನ ಹೆಸರು ಯಾಕೆ ಎತ್ತಿದ್ರಿ? ನೀವು ನಿಮ್ಮ ಮಗಳನ್ನ ಉಳಿಸ್ಕೊಂಡ್ರಿ. ನಾನು ಇವರ ಮನೇಗೇ ಅಲ್ವಾ ಹೋಗ್ಬೇಕು?"

ಅವಳು ಅಂದದ್ದು ಸರಿ. ನಾನು ಅವಳನ್ನು ಉದ್ಧಾರ ಮಾಡಲು ಹೋದವಳೂ ಅಲ್ಲ.

ಗಂಡ ಶಿಡ್ಲಘಟ್ಟದ ತನಕ ಮುಖ ಊದಿಸಿಕೊಂಡೇ ಬಂದರು. ಮನೆಗೆ ಬಂದರೆ ಮಗಳ ಸಿಟ್ಟು ಅದಕ್ಕಿಂತ ಜೋರು. ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದ ಎಂದು ನನಗೆ ಗೊತ್ತಾದದ್ದೇ ಆಗ.

"ಅವರಮ್ಮ ಸರಿಯಿಲ್ಲ ಅಂದ್ರೆ ಅವನೇನಮ್ಮ ಮಾಡ್ದ? ಅವನು ಅಲ್ಲಿಗೆ ಬಂದೇ ಇರಲಿಲ್ಲ!"

"ಇರಲಿಲ್ಲ."

"ಅವನು ಒಳ್ಳೆಯವನು ಅಂತ ನೀನೇ ಹೇಳಿದ್ದೆ."

"ಒಳ್ಳೆಯವನೇ ಇರಬೌದು ಕಣೇ. ಅವರಣ್ಣನೂ ಒಳ್ಳೇ ಹುಡುಗನೇ. ಒಂದು ಕೆಟ್ಟ ಮಾತಾಡ್ಲಿಲ್ಲ, ಹೆಂಡ್ತಿ ಮೇಲೆ ಕೈ ಮಾಡ್ಲಿಲ್ಲ. ಉಂಡ, ಎದ್ದ, ಕೈ ತೊಳ್ಕೊಳ್ಳಕ್ಕೆ ಹೋದ. ಹಿಂದೆ ತಿರುಗಿ ನೋಡ್ಲಿಲ್ಲ, ಅಷ್ಟೇ."

ಮಗಳು ಎದ್ದು ಹೊರಟವಳು ಬಾಗಿಲ ಹತ್ತಿರ ತಿರುಗಿದಳು. "ಆ ಅಕ್ಕನ್ನ ಈಗ ಏನು ಮಾಡ್ತಾರೋ" ಅಂದಳು.