ಸಾಕ್ಷಿಗುಡ್ಡೆ ಕೆಡವಿದ ರೇವಮ್ಮ

ಹಿರೀಸಾವೆಯ ರೇವಮ್ಮನಿಗೆ ಕೈಕಟ್ಟಿ ಕೂರುವುದು ಗೊತ್ತಿರಲಿಲ್ಲ. ಹೆದ್ದಾರಿ ಪಕ್ಕದ ಅವಳ ಹೋಟೆಲಿನಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ದಿನವಿಡೀ ಅವಳ ಬಾಯಿ. ಕೊರೊನಾ ವರ್ಷದ ಬೇಸಿಗೆಯಲ್ಲಿ ಬಸ್ಸುಗಳ ಓಡಾಟವೇ ಇಲ್ಲವಾಯಿತು. ಮತ್ತೆ ಓಡತೊಡಗಿದಾಗಲೂ ಹತ್ತುವವರು ಕಡಿಮೆ, ಇಳಿದು ತಿನ್ನುವವರು ಇನ್ನೂ ಕಡಿಮೆ.

ಊರೊಳಗೂ ಅದೇ ಪಾಡು. ಬಟ್ಟೆ ಹೊಲಿಸುವವರಿಲ್ಲವೆಂದು ದರ್ಜಿ ಶಿವಯ್ಯ ಇಡ್ಲಿ ತಿನ್ನಲು ಬರುವುದನ್ನು ಬಿಟ್ಟ. ಇಡ್ಲಿ ತಿನ್ನುವವರಿಲ್ಲವೆಂದು ರೇವಮ್ಮ ರವಿಕೆ ಹೊಲಿಸುವುದನ್ನು ಬಿಟ್ಟಳು. ಇಬ್ಬರಿಗೂ ಕಸುಬು ಮರೆತಿರಲಿಲ್ಲ, ಮೈಯಲ್ಲಿ ಕಸುವೂ ಇತ್ತು. ಯಾರಾದರೂ ಒಬ್ಬರು ಮೊದಲು ಖರ್ಚು ಮಾಡಬೇಕಿತ್ತು, ಅಷ್ಟೆ. ಆದರೆ ಎಲ್ಲರೂ ಹೆದರಿ ಕೂತಿರುವ ಊರಿನಲ್ಲಿ ಮೊದಲು ಕೈಬಿಚ್ಚುವ ಮನೆ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಆ ಕೆಲಸ ಸರ್ಕಾರದ್ದು. ಇದನ್ನು ರೇವಮ್ಮನ ಎದುರು ಹೇಳಿದ್ದರೆ ಆಕೆ ಸೌಟು ಎತ್ತುತ್ತಿದ್ದಳು.

"ಸರ್ಕಾರ ಗುಂಡಿ ತೋಡುಸ್ತದಂತೆ, ಮಳೆ ಬಂದು ಮುಚ್ತದಂತೆ," ಎಂದು ಆಕೆ ನಗಾಡಿದ್ದಳು, ಪಂಚಾಯಿತಿಯವರು ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ತೆಗೆಸಲು ಹೊರಟಾಗ.

ಗಂಡ ರುದ್ರಯ್ಯ ಮಾತಿಗೆ ನಿಧಾನಿ. "ನಗೋದು ಬುಡು. ಪಟ್ಟಣದ ಅಮರನಾಥ ಮೊಬೈಲ್ ಅಂಗಡಿ ಹಾಕಕ್ಕೆ ನಮ್ಮ ಓಟ್ಲು ಕೇಳ್ತಾವ್ನೆ. ಆಷಾಢದಲ್ಲಿ ಬ್ಯಾಡ, ಕಳುದ್ಮೇಲೆ ಬಂದು ಬೀಗದ ಕೈ ಈಸ್ಕೋತೀನಿ ಅಂದವ್ನೆ. ಕೊಟ್ಬುಡಾನ ಕಣೆ."

"ಆಷಾಢ ಕಳೀಲಿ," ಎಂದಳು ರೇವಮ್ಮ. ಅವಳ ಬಾಯಲ್ಲಿ ಇಷ್ಟು ಚಿಕ್ಕ ಮಾತು ರುದ್ರಯ್ಯ ಕೇಳಿರಲಿಲ್ಲ.

ಆರಿದ ಒಲೆಯ ಮುಂದೆ ಕೂರಲಾರದೆ ಮಾರನೆಯ ವಾರ ಆಕೆಯೇ ಗುದ್ದಲಿ ಹಿಡಿದು ಕೆರೆಗೆ ಇಳಿದಳು. ಕೂಲಿಯವರ ಗುಂಪಿಗೆ ಮುಂದಾಳಾಗಿದ್ದ ಕಾಳಯ್ಯ ಗುಂಡಿ ತೋರಿಸಿದ. ಕೆಲಸವೇನೋ ಜೋರಾಗಿಯೇ ನಡೆದಿತ್ತು. ಆದರೆ ಗುಂಡಿಯ ನಟ್ಟನಡುವೆ ಆಳೆತ್ತರದ ಮಣ್ಣಿನ ಕಂಬವೊಂದು ಹಾಗೇ ನಿಂತಿತ್ತು, ನೆತ್ತಿಯ ಮೇಲೆ ಹುಲ್ಲು ಬೇರೆ. ರೇವಮ್ಮನ ಕಣ್ಣಿಗೆ ಅದು ತಿಕ್ಕದೆ ಬಿಟ್ಟ ಪಾತ್ರೆಯಂತೆ ಕಂಡಿತು. ಸರ್ಕಾರಿ ಕೆಲಸ ಅಂದರೆ ಇಷ್ಟೇ, ಅಂದುಕೊಂಡಳು.

ಎಲ್ಲರೂ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಆಕೆ ಒಬ್ಬಳೇ ಹಿಂದೆ ಉಳಿದಳು. ಊಟ ಮುಗಿಸಿ ಬಂದ ಕಾಳಯ್ಯ ನೋಡಿದರೆ ಕಂಬವಿಲ್ಲ, ಗುಂಡಿಯ ತಳ ಸಗಣಿ ಸಾರಿಸಿದ ಅಂಗಳದಂತೆ ನುಣ್ಣಗಿತ್ತು.

"ಅಯ್ಯಯ್ಯೋ ರೇವಕ್ಕ! ಸಾಕ್ಷಿಗುಡ್ಡೆ ಕೆಡವ್ಬುಟ್ಯಲ್ಲ!"

"ನೀವು ಸೋಂಬೇರಿಗಳು ಬುಟ್ಟಿದ್ದ ಕೆಲ್ಸ ನಾನ್ ಮುಗುಸ್ದೆ ಕಣ್ಲಾ."

"ಸೋಂಬೇರಿಗಳಲ್ಲ ಕಣಕ್ಕ! ಮೊದ್ಲು ನೆಲ ಎಲ್ಲೀಗಂಟ ಇತ್ತು ಅಂತ ಏಳಕ್ಕೆ ಅದೊಂದೇ ಗುರ್ತು. ಅದುನ್ನ ಅಳತೆ ಮಾಡುದ್ರೇನೆ ನಮ್ಗೆ ಕೂಲಿ. ಈಗ ಎಂಜಿನಿಯರಮ್ಮುಂಗೆ ಏನ್ ತೋರ್ಸನ, ನಿನ್ ಗುದ್ಲಿಯಾ?"

ಸಂಜೆ ಸ್ಕೂಟರಿನಲ್ಲಿ ಬಂದ ಎಂಜಿನಿಯರ್ ಮಾನಸಾ ಟೇಪು ಹಿಡಿದು ಗುಂಡಿ ಸುತ್ತಿದಳು. ಅಂಚುಗಳನ್ನು ಹೂಳು ಸಾಗಿಸುವ ಟ್ರಾಕ್ಟರ್ ತುಳಿದು ಹಾಕಿತ್ತು, ಅಲ್ಲಿಂದಲೂ ಆಳ ಅಳೆಯುವಂತಿರಲಿಲ್ಲ. "ಅಮ್ಮ, ನನ್ನ ಸರ್ವೀಸಿನಲ್ಲಿ ಕಡಿಮೆ ಅಗೆದವರನ್ನು ನೋಡಿದ್ದೀನಿ. ಜಾಸ್ತಿ ಅಗೆದು ಕೆಡಿಸಿದವರು ನೀವೇ ಮೊದಲು," ಎಂದಳು. ಬೇರೆ ಗುಂಡಿಗಳ ಕೂಲಿ ಈಗಲೇ ಆಗುತ್ತದೆ, ಈ ಗುಂಪಿನದಕ್ಕೆ ಮೇಲಿನವರು ಬಂದು ಪಕ್ಕದ ಗುಂಡಿಗೆ ಹೋಲಿಸಿ ಅಳೆಯಬೇಕು, ತಡವಾಗುತ್ತದೆ ಎಂದು ಹೊರಟುಹೋದಳು.

ಗುಂಪಿನವರು ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸತೊಡಗಿದರು. ಬೈದಿದ್ದರೆ ರೇವಮ್ಮನಿಗೆ ಹಗುರವಾಗುತ್ತಿತ್ತು. ಆಕೆ ಗುದ್ದಲಿ ಹೆಗಲಿಗೇರಿಸಿ, "ಕೂಲಿ ಬರೋಗಂಟ ಎಲ್ರೂ ನನ್ ಓಟ್ಲಲ್ಲೇ ಉಣ್ಣಿ. ಎಂಡ್ರು ಮಕ್ಳುನ್ನೂ ಕರ್ಕೊಂಡ್ ಬನ್ನಿ. ದುಡ್ಡು ಆಮ್ಯಾಕೆ," ಎಂದಳು.

ರುದ್ರಯ್ಯನಿಗೆ ದಿಗಿಲಾಯಿತು. "ಮುಚ್ಚೋ ಓಟ್ಲಲ್ಲಿ ಊರಿಗೆಲ್ಲ ಊಟವಾ? ಎಲ್ಲಿಂದ ತಂದಾಕ್ತೀಯೆ?"

"ಅಟ್ಟದ ಮ್ಯಾಲೆ ರಾಗಿ ಅದೆ, ಉರುಳಿಕಾಳು ಅದೆ. ಇಲಿ ತಿನ್ನೋ ಬದ್ಲು ಅವ್ರು ತಿನ್ಲಿ."

ಮಾರನೆಯ ಮಧ್ಯಾಹ್ನ ಒಲೆ ಹೊತ್ತಿತು. ಹುರುಳಿಸಾರಿನ ವಾಸನೆ ಹೆದ್ದಾರಿಯವರೆಗೂ ಹೋಯಿತು. ಕಾಳಯ್ಯನ ಗುಂಪು ಮೊದಲ ದಿನ ಸಂಕೋಚದಿಂದ ಉಂಡಿತು. ಎರಡನೆಯ ದಿನ ಸಾರಿಗೆ ಉಪ್ಪು ಸಾಲದು ಎಂದಿತು. ಅಷ್ಟರಲ್ಲಿ ಬೇರೆ ಗುಂಡಿಗಳ ಕೂಲಿ ಬಟವಾಡೆಯಾಗಿ, ಕೈಯಲ್ಲಿ ಕಾಸಿದ್ದವರು ಒಲೆ ಹೊತ್ತಿದ ಹೋಟೆಲನ್ನೇ ಹುಡುಕಿಕೊಂಡು ಬಂದರು. ಬೆಂಚು ತುಂಬಿದ್ದು ಕಂಡು ಬಸ್ಸೊಂದು ನಿಂತಿತು. ಡ್ರೈವರ್, "ಎರಡು ಮುದ್ದೆ ಅಮ್ಮ, ಬೇಗ," ಎಂದ. "ಮುದ್ದೆ ಬೇಗ ಆಗಲ್ಲ, ಕೂತ್ಕೊಳ್ಳಯ್ಯ," ಎಂದಳು ರೇವಮ್ಮ. ಆ ದರ್ಪ ಕೇಳಿ ರುದ್ರಯ್ಯನಿಗೆ ಹೆಂಡತಿ ವಾಪಸು ಬಂದಳು ಅನ್ನಿಸಿತು.

ಆಷಾಢ ಕಳೆದ ಸೋಮವಾರ ಅಮರನಾಥ ಬೀಗದ ಕೈಗೆ ಬಂದ. ಕೂರಲು ಜಾಗವಿರಲಿಲ್ಲ. ರೇವಮ್ಮ ಅವನನ್ನು ಕಾಳಯ್ಯನ ಪಕ್ಕ ಒತ್ತರಿಸಿ ಕೂರಿಸಿ, ತಟ್ಟೆ ಇಟ್ಟಳು. "ಉಂಡ್ಕೊಂಡು ಓಗಪ್ಪ. ಬೀಗ ಆಕೋದೇ ಮರ್ತೋಗ್ಯದೆ ನಮ್ಗೆ." ಅಮರನಾಥ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡು ಹೋದ.

ಮೇಲಿನವರು ಬಂದು ಅಳೆದರು, ತಡೆದಿದ್ದ ಕೂಲಿಯೂ ಬಂತು. ಕಾಳಯ್ಯನ ಗುಂಪು ಊಟದ ಲೆಕ್ಕವನ್ನೆಲ್ಲ ಚುಕ್ತಾ ಮಾಡಿತು. ಆ ಸಂಜೆಯೇ ರೇವಮ್ಮ ಪೆಟ್ಟಿಗೆಯಿಂದ ರವಿಕೆ ಬಟ್ಟೆ ತೆಗೆದು ಶಿವಯ್ಯನಿಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಶಿವಯ್ಯ ಇಡ್ಲಿಗೆ ಹಾಜರ್.

"ಗುಂಡಿ ತೋಡ್ಸುದ್ರೆ ಏನ್ ಬಂತು ಅಂತಿದ್ಯಲ್ಲ?" ರುದ್ರಯ್ಯ ಕೆಣಕಿದ.

"ಅವ್ರು ತೋಡುಸ್ದೆ ಇದ್ದಿದ್ರೆ ನಾನೇನ್ ಗಾಳಿ ಮಾರ್ತಿದ್ನಾ? ಸುಮ್ಕೆ ಉಣ್ಣಿ."

ಮರುವರ್ಷ ಕೆರೆ ಕೆಲಸ ಮತ್ತೆ ಶುರುವಾದಾಗ ರೇವಮ್ಮನಿಗೆ ಹೋಟೆಲಿನಿಂದ ಬಿಡುವಿರಲಿಲ್ಲ. ಆದರೂ ಮಜ್ಜಿಗೆ ಮಾರುವ ನೆಪದಲ್ಲಿ ದಿನಕ್ಕೊಂದು ಸಲ ಕೆರೆಗೆ ಇಳಿಯುತ್ತಿದ್ದಳು. ಸಾಕ್ಷಿಗುಡ್ಡೆಯ ನೆತ್ತಿಯ ಹುಲ್ಲಿಗೆ ಬಾಯಿ ಹಾಕಲು ಹೋದ ಮೇಕೆಗೆ ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.