ದೊರೆಯ ದಿನದ ಪೆಟ್ಟು

ಶರಾವತಿ ದಂಡೆಯ ಕಂಚೀಬೈಲಿನಲ್ಲಿ ಬೆಳ್ಳಪ್ಪನಿಗೆ ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಹೊಡೆಯುತ್ತಿತ್ತು. ಅವನ ಅಪ್ಪನಿಗೂ ಹೊಡೆದಿತ್ತು, ಅಜ್ಜನಿಗೂ. ಗೇಣಿ ಗದ್ದೆ ಮಾಡಿಕೊಂಡು ಯಾರ ತಂಟೆಗೂ ಹೋಗದೆ ಬದುಕಿದ ಆಳು. ಉಳಿದ ದಿನಗಳಲ್ಲಿ ಅವನನ್ನು ಗದರಿಸಿದವರೂ ಇಲ್ಲ.

ಕಾರಣ ಹಳೆಯದು. ಆ ಸೀಮೆಯನ್ನಾಳುತ್ತಿದ್ದ ರುದ್ರನಾಯಕ ಎಂಬ ದೊರೆಯನ್ನು ಕಂಪನಿ ಸರ್ಕಾರ ಪಟ್ಟದಿಂದ ಇಳಿಸಿ, ಕೈ ಕಟ್ಟಿ, ಪಲ್ಲಕ್ಕಿಯಲ್ಲಿ ಒಯ್ದಿತ್ತು. ಬರಗಾಲದಲ್ಲಿ ಕಣಜ ತೆರೆದು, ಜನರ ಜೊತೆ ತಾನೂ ಗಂಜಿ ಕುಡಿದಿದ್ದ ದೊರೆ. ಊರೂರಿನವರು ಎದೆ ಬಡಿದುಕೊಳ್ಳುತ್ತ ಪಲ್ಲಕ್ಕಿಯ ಹಿಂದೆ ಓಡಿದರು. ಹೆಂಗಸರು ದಾರಿಗಡ್ಡ ಮಲಗಿದರು. ಸಿಪಾಯಿಗಳು ಗುಂಡು ಹಾರಿಸಿದರು. ಹನ್ನೊಂದು ಹೆಣ ಬಿದ್ದವು. ಆ ಸಿಪಾಯಿಗಳಿಗೆ ಹೊಳೆ ದಾಟುವ ಜಾಗ ತೋರಿಸಿದವನು ಬೆಳ್ಳಪ್ಪನ ಮುತ್ತಜ್ಜನ ಅಪ್ಪ.

ಅಂದಿನಿಂದ ದೀಪಾವಳಿ ಕಳೆದ ಎಂಟನೇ ದಿನ ಊರಿಗೆ ಸೂತಕ. ಹೆಂಗಸರು ಹೊಳೆದಂಡೆಯಲ್ಲಿ ಕೂತು, ದೊರೆಯ ಹೆಸರು ಹಿಡಿದು, ನಿನ್ನೆ ಸತ್ತವನಿಗೆ ಅಳುವ ಹಾಗೆ ಅಳುವರು. ಆಮೇಲೆ ಬೆಳ್ಳಪ್ಪ ಅಂಗಿ ಬಿಚ್ಚಿ ನಿಲ್ಲಬೇಕು. ಲಕ್ಕಿ ಗಿಡದ ತೆಳು ಬರಲುಕೋಲಿನಲ್ಲಿ ಮನೆಗೊಂದು ಪೆಟ್ಟು. ಅಪ್ಪನ ಕಾಲದಲ್ಲಿ ಅದು ಬೆನ್ನು ಸವರಿ ಹೋಗುವ ಶಾಸ್ತ್ರವಾಗಿತ್ತು. ಬೆಳ್ಳಪ್ಪನಿಗೂ ನೋವಿಗಿಂತ ಅಳುವೇ ಹೆಚ್ಚು ಬರುತ್ತಿತ್ತು. ದೊರೆ ಅವನಿಗೂ ದೊರೆಯೇ ತಾನೆ.

ಲಿಂಗನಮಕ್ಕಿಯಲ್ಲಿ ಆಣೆಕಟ್ಟು ಏಳುತ್ತದೆ, ಊರು ಮುಳುಗುತ್ತದೆ ಎಂಬ ನೋಟೀಸು ಬಂದ ಮೇಲೆ ಪೆಟ್ಟಿನ ತೂಕ ಬದಲಾಯಿತು. ಸರ್ಕಾರಕ್ಕೆ ಹೊಡೆಯುವಂತಿಲ್ಲ, ಬೆಳ್ಳಪ್ಪನ ಬೆನ್ನು ಕೈಗೆ ಸಿಗುತ್ತಿತ್ತು. ಒಂದು ವರ್ಷ ಚರ್ಮ ಸುಲಿಯಿತು. ಮರುವರ್ಷ ಲಕ್ಕಿ ಕೋಲಿನ ಬದಲು ಬಿದಿರಿನ ದೊಣ್ಣೆ ಬಂತು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಹೆಂಡತಿ ಹೂವಮ್ಮ ಬಾಗಿಲಿಗೆ ಅಡ್ಡ ನಿಂತಳು. "ಈ ಸಲ ಹೋಗ್ಬ್ಯಾಡಿ. ಕೊಂದೇ ಬಿಡ್ತಾರೆ."

"ನಾ ಹೋಗ್ದಿದ್ರೆ ದೊರೆಗೆ ಅಳೋರ ಸಾಲಲ್ಲಿ ನಮ್ಮನೆ ಇಲ್ದಂಗಾಗ್ತದೆ ಕಣೆ," ಎಂದು ಬೆಳ್ಳಪ್ಪ ಹೊರಟೇಬಿಟ್ಟ.

ಅಂದು ಅಳು ಮುಗಿಯುವ ಮೊದಲೇ ಹೊಡೆತ ಶುರುವಾಯಿತು. ನಾಲ್ಕನೇ ಪೆಟ್ಟಿಗೆ ಅವನು ಮಂಡಿಯೂರಿದ. ಊರಿನ ಹಿರಿಯ ಮಂಜಯ್ಯ ದೊಣ್ಣೆಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದಾಗ ಬಲಹೆಗಲ ಮೂಳೆ ಲಟಕ್ಕೆಂದಿತು. ಆದರೂ ಸಾಲು ನಿಲ್ಲಲಿಲ್ಲ.

ಹೂವಮ್ಮ ನುಗ್ಗಿ ಬಂದು ಮಂಜಯ್ಯನ ಕೈಯಿಂದ ದೊಣ್ಣೆ ಕಿತ್ತು ಅವನ ಮುಖಕ್ಕೇ ಬೀಸಿದಳು.

"ನಮ್ಮ ಹಿರೀಕ ದಾರಿ ತೋರ್ಸಿದ್ದಕ್ಕೆ ನಾಲ್ಕು ತಲೆಮಾರು ಹೊಡ್ಸ್ಕಂಡಾಯ್ತು. ಹೋದ ಬ್ಯಾಸಿಗೀಲಿ ಸರ್ವೆ ಸಾಹೇಬ್ರನ್ನ ದೋಣೀಲಿ ಕರ್ಕಂಡ್ಬಂದು ಮನೆಮನೆ ತೋರ್ಸಿದ್ದು ಯಾರು? ಹೇಳ್ರಿ ಮಂಜಣ್ಣ!"

ಮಂಜಯ್ಯ ರಕ್ತ ಒರೆಸಿಕೊಳ್ಳುತ್ತ, "ಸರ್ಕಾರದೋರು ಕೇಳಿದ್ರು... ಇಲ್ಲ ಅನ್ನಾಕಾಗ್ತದಾ?" ಎಂದ.

ಅಷ್ಟೇ ಸಾಕಾಯಿತು. ಬೆಳ್ಳಪ್ಪನನ್ನು ಬಿಟ್ಟು ಜನ ಮಂಜಯ್ಯನ ಮೇಲೆ ಬಿದ್ದರು. ಕಲ್ಲು, ದೊಣ್ಣೆ, ಕಾಲು. ಒಂದು ಕಲ್ಲು ಅವನ ಎಡಗಣ್ಣಿಗೇ ಬಡಿಯಿತು. ಹೊಳೆಯ ಮರಳು ಕೆಂಪಾಯಿತು. ಬೆಳ್ಳಪ್ಪನಿಗೆ ಕನಿಕರವೇನೂ ಬರಲಿಲ್ಲ. ಆದರೆ ಪೆಟ್ಟು ಬೀಳುವ ಮುಂಚೆಯೇ ಮಂಜಯ್ಯನ ಬೆನ್ನು ತಾನಾಗಿ ಕುಗ್ಗುವುದನ್ನು ಕಂಡ. ಅದು ಹೇಗಿರುತ್ತದೆಂದು ಆ ಊರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎಡಗೈಯೂರಿ ತೆವಳಿ ಹೋಗಿ ಮಂಜಯ್ಯನ ಮೇಲೆ ಕವುಚಿ ಬಿದ್ದ. ಎರಡು ಮೂರು ಏಟು ಅವನಿಗೇ ಬಿದ್ದವು.

"ಹೊಡೀರಿ, ಇವತ್ತೇ ಮುಗ್ಸಿ! ದೊರೆ ವಾಪಸ್ ಬರ್ತಾರಾ? ಊರು ಉಳೀತದಾ?" ಎಂದು ಬೆಳ್ಳಪ್ಪ ಕೂಗಿದ.

ದೊಣ್ಣೆಗಳು ಕೆಳಗಿಳಿದವು. ಮೊದಲು ಮುದುಕಿ ಹಾಲಮ್ಮ ಅತ್ತಳು, ಆಮೇಲೆ ಗಂಡಸರೂ ಕೂತು ಅತ್ತರು. ದೊರೆಗೋ ಊರಿಗೋ, ಯಾರೂ ಬಿಡಿಸಿ ಹೇಳಲಾರರು.

ಅರವತ್ತನಾಲ್ಕರ ಮಳೆಗೆ ಕಂಚೀಬೈಲು ಮುಳುಗಿತು. ಬೆಳ್ಳಪ್ಪನಿಗೆ ಹೊಸನಗರದಾಚೆ ಕಾಡು ಕಡಿದ ಜಾಗದಲ್ಲಿ ನೆಲ ಸಿಕ್ಕಿತು. ಪಕ್ಕದ ನೆಲ ಒಕ್ಕಣ್ಣ ಮಂಜಯ್ಯನದು. ಬಲಗೈ ಮೇಲೇಳದ ಬೆಳ್ಳಪ್ಪ ಎಡಗೈಯಲ್ಲೇ ನೇಗಿಲು ಹಿಡಿದ. ಮಂಜಯ್ಯ ಬಂದು ಎತ್ತು ಹೊಡೆದುಕೊಟ್ಟ ದಿನಗಳೂ ಉಂಟು. ಮಾತು ಮಾತ್ರ ಕಡಿಮೆ.

ಅಲ್ಲಿನವರು ಕೈಗೇನಾಯಿತೆಂದು ಕೇಳಿದರೆ ಬೆಳ್ಳಪ್ಪ, "ಮರದಿಂದ ಬಿದ್ದೆ," ಎನ್ನುತ್ತಿದ್ದ. ಹೂವಮ್ಮ ಒಳಗಿನಿಂದಲೇ, "ಬಿದ್ದಿದ್ದಲ್ಲ, ಹೊಡ್ದಿದ್ದು," ಎನ್ನುತ್ತಿದ್ದಳು, ಬದುವಿನಾಚೆಗೂ ಕೇಳುವ ಹಾಗೆ.