ಏಣಿ ಹಿಡಿದವನಿಗೆ ಹೇಳಿದ ಮಾತು

ನಮ್ಮಣ್ಣ ಹುಲ್ಲಿನ ಸೂರು ಹೊದಿಸುವವನು. ಅವನ ಬಗ್ಗೆ ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ, ಯಾಕೆಂದರೆ ಮೂವತ್ತು ವರ್ಷ ಅವನಿಗೆ ಹುಲ್ಲು ಬಾಚಿ, ಕಟ್ಟು ಕಟ್ಟಿ, ಕೆಳಗಿನಿಂದ ಎಸೆದವಳು ನಾನು. ಅವನು ಮೇಲೆ, ನಾನು ಕೆಳಗೆ. ಅತ್ತಿಗೆ ತೀರಿಕೊಂಡ ಮೇಲೆ ಅಡುಗೆಯೂ ನನ್ನದೇ. ಹೊಗಳುವಾಗ ಮಾತ್ರ ಜನರ ಕಣ್ಣು ಮೇಲಕ್ಕೇ ಹೋಗುತ್ತದೆ, ಬಿಡಿ.

ಊರಂಚಿನ ಹಳೇ ಕುಟೀರ ಸರ್ಕಾರದ ರಕ್ಷಣೆಯಲ್ಲಿದೆ. ಮುನ್ನೂರು ವರ್ಷದ್ದು ಅಂತ ಫಲಕ ಹಾಕಿದ್ದಾರೆ. ಮೊಳ ದಪ್ಪದ ಮಣ್ಣಿನ ಗೋಡೆ. ಬಾಗಿದ ಒಂದೇ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನೂ ಎದುರುಬದುರು ನಿಲ್ಲಿಸಿ ಮಾಡಿದ ಆಧಾರ. ಬಗ್ಗದವರ ಬುರುಡೆ ಒಡೆಯುವ ಬಾಗಿಲು. ಆದರೆ ಅದರ ನಿಜವಾದ ಹೆಚ್ಚುಗಾರಿಕೆ ಇರುವುದು ಸೂರಿನ ಒಳಗೆ. ಅಲ್ಲಿ ಹಳೇ ಹುಲ್ಲನ್ನು ಕೀಳುವುದಿಲ್ಲ, ಹದಿನೈದು ವರ್ಷಕ್ಕೊಮ್ಮೆ ಅದರ ಮೇಲೆಯೇ ಹೊಸದನ್ನು ಹೊದಿಸುತ್ತಾರೆ. ಎಲ್ಲಕ್ಕಿಂತ ಕೆಳಗಿನ ಪದರ ಮನೆ ಕಟ್ಟಿದ ದಿನದ್ದು. ಹೊಗೆಗೂಡು ಇಲ್ಲದ ಕಾಲದ ಒಲೆಯ ಹೊಗೆ ಕುಡಿದು ಕಾಡಿಗೆಯಂತಾಗಿದೆ. ಅಣ್ಣ ಅಪ್ಪನ ಜೊತೆ ಒಮ್ಮೆ, ತಾನೊಬ್ಬನೇ ಒಮ್ಮೆ ಅದನ್ನು ಹೊದಿಸಿದ್ದ. ಮುಂದಿನ ವರ್ಷ ಮೂರನೇ ಸರದಿ. ಮಂಡಿ ಸವೆದಿತ್ತು. "ಇದೊಂದು ಮುಗಿಸಿಬಿಡ್ತೀನಿ ಕಣೇ, ಆಮೇಲೆ ಸಾಯೋವರೆಗೂ ಕೂತು ತಿಂತೀನಿ" ಅನ್ನುತ್ತಿದ್ದ. ಅವನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ.

ಆಗ ಬಂದ ಆ ಪುಣ್ಯಾತ್ಮ. ಇಲಾಖೆಯಿಂದ ಕುಟೀರದ ಇತಿಹಾಸ ಬರೆಯಲು ಬಂದವನು. ಸೊಂಟದಲ್ಲಿ ಸದಾ ಅಳತೆ ಟೇಪು, ಅದಕ್ಕೆ ನಾನಿಟ್ಟ ಹೆಸರು ಟೇಪಣ್ಣ. ಮೂರು ತಿಂಗಳು ನಮ್ಮ ಮುಂದಿನ ಕೋಣೆಯಲ್ಲೇ ಠಿಕಾಣಿ. "ಅಕ್ಕಾ, ನಿಮ್ಮ ಕೈರುಚಿ ಬಿಟ್ಟು ಹೋಗೋಕೆ ಮನಸ್ಸೇ ಬರಲ್ಲ" ಅಂತ ಎರಡೆರಡು ಸಲ ಹಾಕಿಸಿಕೊಂಡು ತಿಂದ. ನಾನೂ ಉಬ್ಬಿಹೋದೆ, ದಡ್ಡಿ.

ನಮ್ಮ ಕಸುಬಿನಲ್ಲೊಂದು ಕಟ್ಟಳೆಯಿದೆ. ಕೆಲಸ ಮುಗಿಸಿ ಇಳಿಯುವ ಮುಂಚೆ, ಏಣಿ ಹಿಡಿದವರಿಗೆ ಆ ಸೂರಿನ ದೋಷಗಳನ್ನೆಲ್ಲ ಒಂದೂ ಬಿಡದೆ ಹೇಳಬೇಕು, ಮುಂದೆ ಹತ್ತುವವನಿಗೆ ತಿಳಿದಿರಲಿ ಎಂದು. ಕೇಳಿದವರು ಅದನ್ನು ಕಸುಬಿನ ಆಚೆ ಬಿಟ್ಟುಕೊಡಬಾರದು. ಆ ವಾರ ಅಣ್ಣ ಕುಟೀರದ ನೆತ್ತಿಯಲ್ಲಿ ಸಣ್ಣ ರಿಪೇರಿ ಮಾಡುತ್ತಿದ್ದ. ನನ್ನ ಕಾಲು ಉಳುಕಿತ್ತು. ಏಣಿ ಹಿಡಿದದ್ದು ಟೇಪಣ್ಣ. ಅಣ್ಣ ಕಟ್ಟಳೆ ತಪ್ಪುವವನಲ್ಲ. ಹೇಳಿಬಿಟ್ಟ.

ಹೇಳಿದ್ದಿಷ್ಟು: ಹದಿನಾಲ್ಕು ವರ್ಷದ ಹಿಂದೆ ಹೊದಿಸುವಾಗ, ಉತ್ತರದ ಮೂಲೆಯಲ್ಲಿ ಕೆಳಪದರ ಎರಡು ಮಾರು ಅಗಲಕ್ಕೆ ಕೊಳೆತಿತ್ತು. ಅದನ್ನು ತೆಗೆಯಲು ಒಪ್ಪಿಗೆ ಕೇಳಿ ಇಲಾಖೆಗೆ ನಾಲ್ಕು ಅರ್ಜಿ ಹಾಕಿದರೂ ಒಂದಕ್ಕೂ ಉತ್ತರವಿಲ್ಲ. ಮಳೆಗಾಲ ತಲೆಯ ಮೇಲೆ. ಕೊನೆಗೆ ಕೊಳೆತದ್ದನ್ನು ಕಿತ್ತು, ನಮ್ಮ ಅಡುಗೆಮನೆಯ ಹೊಗೆಯಲ್ಲಿ ಕಪ್ಪಾಗಿಸಿದ ಹುಲ್ಲನ್ನು ಅಲ್ಲಿ ತುಂಬಿದ. ಅವನು ಹೇಳಿದನೆಂದು ಹಸಿ ಸೌದೆ ಉರಿಸಿ ಹದಿನೈದು ದಿನ ಕೆಮ್ಮಿದವಳು ನಾನು. ಸೂರಂತೂ ಉಳಿಯಿತು.

ಪುಸ್ತಕ ಬಂತು. ಬಣ್ಣದ ಚಿತ್ರ, ನುಣುಪು ಕಾಗದ. ನಲವತ್ತನೇ ಪುಟದಲ್ಲಿ, "ಕೆಲಸಗಾರನು ಕೃತಕವಾಗಿ ಮಸಿ ಹಿಡಿಸಿದ ಹುಲ್ಲನ್ನು ತುಂಬಿ ವಂಚಿಸಿದ್ದಾನೆ" ಎಂದು ಬರೆದಿತ್ತು. ಕೊಳೆತದ್ದೂ ಇಲ್ಲ, ಅರ್ಜಿಗಳೂ ಇಲ್ಲ. ಅದರ ಬೆನ್ನಿಗೇ ಇಲಾಖೆಯ ಪತ್ರ: ಅಣ್ಣ ಇನ್ನು ಆ ಸೂರನ್ನು ಮುಟ್ಟುವಂತಿಲ್ಲ. ಅಣ್ಣ ಎರಡು ದಿನ ಊಟ ಮಾಡಲಿಲ್ಲ.

ಮೂರನೇ ದಿನ ಟೇಪಣ್ಣ ಬಂದ. ಬರೋಕೆ ಮುಖವಾದರೂ ಹೇಗೆ ಬಂತೋ!

"ಉಂಡ ಮನೆಗೆ ಎರಡು ಬಗೆದೆಯಲ್ಲಪ್ಪಾ" ಅಂದೆ.

"ಅಕ್ಕಾ, ಅರ್ಜಿ ವಿಷಯ ಬರೆದಿದ್ರೆ ಮೇಲಿನವರ ಕುತ್ತಿಗೆಗೆ ಬರ್ತಿತ್ತು. ನನಗೂ ಹೆಂಡ್ತಿ ಮಕ್ಕಳಿದಾರೆ."

"ನಮ್ಮ ಕುತ್ತಿಗೆ ಮಾತ್ರ ಅಗ್ಗಕ್ಕೆ ಸಿಕ್ತು, ಅಲ್ವಾ?"

ಅವನು ಅಣ್ಣನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಒಂದು ಗಂಟೆ ಗುಸುಗುಸು. ಆಮೇಲೆ ಅಣ್ಣ ಒಳಗೆ ಬಂದು ಊಟಕ್ಕೆ ಕೂತ.

"ಎಲ್ಲಾ ಸರಿಹೋಯ್ತು. ಕೆಲಸ ನಂದೇ."

"ಅದು ಹೇಗೆ?"

"ಒಂದು ಕಾಗದಕ್ಕೆ ಸಹಿ ಹಾಕಿದೆ, ಅಷ್ಟೇ. ಬಡಿಸು."

ನನಗಾದ ಖುಷಿಯಲ್ಲಿ ಟೇಪಣ್ಣನಿಗೆ ಹಾಕಿದ್ದ ಶಾಪವನ್ನೆಲ್ಲ ವಾಪಸು ತೆಗೆದುಕೊಂಡೆ. ಮರುದಿನವೇ ಹುಲ್ಲು ಬಾಚಲು ಕೂತೆ. ತಿಂಗಳುಗಟ್ಟಲೆ ಕೂತು ಎಂಟುನೂರು ಕಟ್ಟು ಮಾಡಿದೆ, ಒಂದೊಂದೂ ಬುಡ ಸಮ, ಬಿಗಿ. ಬೆರಳೆಲ್ಲ ಸೀಳಿಹೋಗಿತ್ತು.

ಕೆಲಸ ಶುರುವಾದ ದಿನ ಅಣ್ಣ ನನ್ನನ್ನು ಬಿಟ್ಟು ಮೊದಲೇ ಹೋಗಿದ್ದ. ಕಡೇ ಗಾಡಿ ಹುಲ್ಲಿನ ಜೊತೆ ನಾನು ಹೋದೆ. ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ.

"ಕಟ್ಟು ಇಲ್ಲೇ ಇಳಿಸಿ ಅಕ್ಕಾ. ನಿಮ್ಮನ್ನ ಒಳಗೆ ಬಿಡಬಾರದು ಅಂತ ಆರ್ಡರ್ ಇದೆ."

"ಯಾವನು ಮಾಡಿದ ಆರ್ಡರೋ ಅದು?"

ಪಾಪ, ಅವನು ಆರ್ಡರಿನ ಜೊತೆಗಿದ್ದ ಕಾಗದವನ್ನೇ ಕೈಗೆ ಕೊಟ್ಟ. ಟೈಪ್ ಮಾಡಿದ ನಾಲ್ಕೇ ಸಾಲು. ಇಲಾಖೆಗೆ ತಾನು ಅರ್ಜಿ ಯಾವುದನ್ನೂ ಕೊಟ್ಟಿಲ್ಲ. ಹೊಸ ಹುಲ್ಲಿಗೆ ಮಸಿ ಹಿಡಿಸಿ, ಹಳೆಯದೆಂದು ನಂಬಿಸಿ ಕೊಟ್ಟವಳು ತಂಗಿ. ತನಗೆ ಏನೂ ತಿಳಿದಿರಲಿಲ್ಲ. ಕೆಳಗೆ ಅಣ್ಣನ ಸಹಿ.

ಗೇಟಿನಿಂದಲೇ ಸೂರಿನ ಮೇಲೆ ನೋಡಿದೆ. ಅಣ್ಣನೂ ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಕಾಗದವನ್ನೂ ನೋಡಿದ. ಇಳಿದು ಬರಲಿಲ್ಲ.

ಸಂಜೆ ಕೈಕಾಲು ತೊಳೆದು ಬಂದು ನಿಂತ. "ಏನು ಮಾಡ್ಲಿ ಹೇಳು? ಯಾರದಾದ್ರೂ ಒಬ್ಬರ ಹೆಸರು ಬೇಕಿತ್ತು. ನೀನು ಹೇಗಿದ್ರೂ ಸೂರು ಹತ್ತೋಳಲ್ಲ" ಅಂದ.

ಟೇಪಣ್ಣನನ್ನಾದರೆ ಬಾಯಿಗೆ ಬಂದಂತೆ ಬೈದು ಹಗುರಾಗಿದ್ದೆ. ಇವನಿಗೆ ಏನಂತ ಬೈಯಲಿ? ಒಡಹುಟ್ಟಿದವನು, ನನ್ನ ಕೈಯಡುಗೆ ತಿನ್ನುತ್ತಲೇ ನನ್ನನ್ನು ಮಾರಿದ್ದ.

"ಕೆಲಸ ಮುಗಿಯೋಕೆ ಇನ್ನೂ ನೂರು ಕಟ್ಟು ಬೇಕಾಗತ್ತೆ" ಅಂದ.

"ನಾನು ವಂಚಕಿ ಕಣೋ. ನನ್ನ ಕೈಯ ಹುಲ್ಲು ನಿನಗ್ಯಾಕೆ?"

"ನೂರಿಲ್ಲದಿದ್ರೆ ಎಂಬತ್ತಾದ್ರೂ ಕಟ್ಟಿಕೊಡು" ಅಂದ.